ಇಂಜಿನಿಯರಮ್ಮನ ರಿಟರ್ನು

ಹೊನ್ನಾವರ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲ್ಮಹಡಿಯಲ್ಲಿ ನನ್ನ ಕಚೇರಿ. ಆದಾಯ ತೆರಿಗೆ ರಿಟರ್ನು ತುಂಬಿಕೊಡುವುದು ನನ್ನ ಕಸುಬು. ನಾನು ವಕೀಲನಲ್ಲ, ಆದರೂ ಭಟ್ಕಳದಿಂದ ಕುಮಟೆಯ ತನಕ ಬರುವವರೆಲ್ಲ ‘ವಕೀಲ್ರೆ’ ಎಂದೇ ಕರೆಯುತ್ತಾರೆ. ತಿದ್ದುವುದನ್ನು ಬಿಟ್ಟು ಬಹಳ ಕಾಲವಾಯಿತು. ಬರುವವರಲ್ಲಿ ಹೆಚ್ಚಿನವರು ಹೊರದೇಶದಲ್ಲಿ ದುಡಿಯುವವರು, ಇಲ್ಲವೆ ಅವರ ಪರವಾಗಿ ಬಂದ ಅಣ್ಣ-ತಮ್ಮಂದಿರು. ಕುರ್ಚಿ ಎಳೆದು ಕೂರುವ ಮೊದಲೇ ಅವರು ಕೇಳುವುದು ಒಂದೇ ಪ್ರಶ್ನೆ: “ನಾನು ಎನ್ನಾರೈ ಅಲ್ದಾ? ಅಲ್ಲಿಯ ದುಡ್ಡಿಗೆ ಇಲ್ಲಿ ತೆರಿಗೆ ಇಲ್ಲ ಅಲ್ದಾ?” ಹೌದು ಎಂದರೆ ಅವರ ಮುಖ ಸಡಿಲಾಗುತ್ತದೆ. ಆ ವರ್ಷ ಊರಿನಲ್ಲಿ ಸ್ವಲ್ಪ ಹೆಚ್ಚು ದಿನ ಉಳಿದುಬಿಟ್ಟವರ ಮುಖ ಮಾತ್ರ ಸಡಿಲಾಗುವುದಿಲ್ಲ.

ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳಿದವರು ನನ್ನ ಅನುಭವದಲ್ಲಿ ಒಬ್ಬರೇ. ಅವರು ಹೋದ ಫೆಬ್ರವರಿಯಲ್ಲಿ ತೀರಿಕೊಂಡರು. ಹೆಸರು ಹೇಳುವುದಿಲ್ಲ, ಹುಟ್ಟಿದ ದೇಶದ ಹೆಸರನ್ನೂ ಹೇಳುವುದಿಲ್ಲ. ಯುರೋಪಿನ ಉತ್ತರಕ್ಕೆ, ಚಳಿಗಾಲದಲ್ಲಿ ಮಧ್ಯಾಹ್ನಕ್ಕೇ ದೀಪ ಹಚ್ಚುವ ದೇಶ ಅದು ಎಂದರೆ ಸಾಕು. ಊರಿನವರು ಅವರನ್ನು ಇಂಜಿನಿಯರಮ್ಮ ಎಂದು ಕರೆಯುತ್ತಿದ್ದರು. ಇಂಜಿನಿಯರ್ ಆಗಿದ್ದವರು ಅವರ ಗಂಡ, ನಮ್ಮ ಕಡೆಯವರೇ, ಸರಕು ಹಡಗಿನಲ್ಲಿ ಲೋಕ ಸುತ್ತಿದವರು. ಅಮ್ಮ ಮಾತ್ರ ತಮ್ಮ ಊರಿನಲ್ಲಿ ಟ್ರಾಮ್ ಓಡಿಸುತ್ತಿದ್ದರು.

ಟ್ರಾಮ್ ಎಂದರೇನೆಂದು ಇಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. “ರಸ್ತೆ ಮೇಲೆ ಹೋಗೂ ರೈಲು” ಎಂದು ಅವರು ವಿವರಿಸುತ್ತಿದ್ದರು. ಗಂಡ ಸಿಕ್ಕಿದ್ದೂ ಆ ರೈಲಿನಲ್ಲೇ. ಹಡಗು ರಿಪೇರಿಗೆಂದು ಬಂದರಿನಲ್ಲಿ ನಿಂತಿತ್ತಂತೆ. “ಕೊನೆ ಸ್ಟಾಪಲ್ಲಿ ಎಲ್ಲ ಇಳದ್ರು. ಇವ ಒಬ್ಬ ಕೂತೇ ಇದ್ದ. ಇಳಿ ಅಂದೆ. ಎಲ್ಲಿ ಇಳೀಬೇಕು ಹೇಳೂದೇ ಗೊತ್ತಿಲ್ಲ ಅಂದ. ವಾಪಸ್ ಕರ್ಕಂಡು ಹೋದೆ.” ಅಷ್ಟೇ ಅವರ ಪ್ರೇಮಕಥೆ. ಯಾರಾದರೂ ಆಮೇಲೆ ಎಂತ ಆತು ಎಂದು ಕೇಳಿದರೆ, “ಆಮೇಲೆ ಮದುವೆ ಆತು” ಎನ್ನುತ್ತಿದ್ದರು.

ಇಬ್ಬರೂ ನಿವೃತ್ತರಾದ ಮೇಲೆ ಹೊಳೆಯಾಚೆಯ ಕಾಸರಕೋಡಿನಲ್ಲಿ, ಹೊಳೆ ಕಡಲು ಸೇರುವ ಅಳಿವೆ ಕಾಣುವಂಥ ಜಾಗದಲ್ಲಿ, ಒಂದು ಸಣ್ಣ ಹೆಂಚಿನ ಮನೆ ಕಟ್ಟಿಸಿಕೊಂಡು ಬಂದರು. ಮಗ ಆ ದೇಶದಲ್ಲೇ ಉಳಿದ. ಕೆಲವೇ ವರ್ಷಗಳಲ್ಲಿ ಗಂಡ ಹೃದಯಾಘಾತದಿಂದ ತೀರಿಕೊಂಡರು. ಇನ್ನು ಇವರು ಹೊರಟುಹೋಗುತ್ತಾರೆ ಎಂದೇ ಎಲ್ಲರೂ ಎಣಿಸಿದ್ದರು. ಅವರ ಫ್ರಿಜ್ಜನ್ನು ಕೊಳ್ಳುವುದಕ್ಕೆ ಒಬ್ಬರು ಮಾತೂ ಆಡಿಬಂದಿದ್ದರು.

ಆ ಮಳೆಗಾಲದಲ್ಲಿ ಅವರು ಮೊದಲ ಸಲ ನನ್ನ ಕಚೇರಿಯ ಮೆಟ್ಟಿಲು ಹತ್ತಿದರು. ಎತ್ತರದ ದೇಹ, ಹತ್ತಿಯ ನೈಟಿ, ಅದರ ಮೇಲೆ ಗಂಡನ ಹಳೆಯ ಅಂಗಿ. ಬಾಗಿಲಲ್ಲಿ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ ಒಳಗೆ ಬಂದರು. ಅದು ಟ್ರಾಮಿನ ಅಭ್ಯಾಸವೆಂದು ನನಗೆ ತಿಳಿದದ್ದು ಆಮೇಲೆ. ಕೂತವರೇ ಅಂದರು: “ನಮ್ಮನೆಯವರದ್ದು ನೀವು ಮಾಡ್ತಿದ್ರಿ. ಇನ್ನು ನಂದು ಮಾಡಿ. ಫೀ ಮಾತ್ರ ಅವರಿಗೆ ಹಾಕ್ದಂಗೆ ಹಾಕೂದಲ್ಲ.”

ಆ ಕನ್ನಡ ಕೇಳಿ ನಾನು ಪೆನ್ನು ಕೆಳಗಿಟ್ಟೆ. ಅವರು ಅದನ್ನು ಕಲಿತದ್ದು ಪಕ್ಕದ ಮನೆಯ ಮಾದೇವಿಯಿಂದ. ಮಾದೇವಿ ತಲೆಯ ಮೇಲೆ ಮೀನುಬುಟ್ಟಿ ಹೊತ್ತು ಮನೆಮನೆಗೆ ಹೋಗಿ ಮಾರುವ ಹೆಂಗಸು. ಮನೆಯಲ್ಲಿ ಕೊಂಕಣಿ, ದಾರಿಯಲ್ಲಿ ಕನ್ನಡ. ಗಂಡ ಇದ್ದಾಗ ಮನೆಯೊಳಗೆ ಇಂಗ್ಲಿಷ್ ನಡೆಯುತ್ತಿತ್ತು. ಅವರು ಹೋದ ಮೇಲೆ ಮಾತಿಗೆ ಇದ್ದವಳು ಮಾದೇವಿ ಒಬ್ಬಳೇ. ಹಾಗಾಗಿ ಇಂಜಿನಿಯರಮ್ಮನ ಕನ್ನಡದಲ್ಲಿ ಮೀನಿನ ಚೌಕಾಸಿಗೆ ಬೇಕಾದ ಮಾತೆಲ್ಲ ಇತ್ತು, ಉಪಚಾರದ ಮಾತು ಕಡಿಮೆ. ಬ್ಯಾಂಕಿನಲ್ಲಿ ಸಾಲು ಮುರಿದು ಮುಂದೆ ಹೋದವನಿಗೆ “ಹೋಯ್, ನಾವೆಂತ ಇಲ್ಲಿ ಬಲೆ ಒಣಗಸೂಕೆ ಬಂದದ್ದಾ?” ಎಂದು ಕೇಳಿದ್ದು ಪೇಟೆಯಲ್ಲೆಲ್ಲ ಸುದ್ದಿಯಾಗಿತ್ತು.

ಅವರಿಗೆ ಆ ದೇಶದಿಂದ ಟ್ರಾಮ್ ಕಂಪನಿಯ ಪಿಂಚಣಿ ಬರುತ್ತಿತ್ತು. ವರ್ಷದ ಹೆಚ್ಚು ದಿನ ಭಾರತದಲ್ಲಿ ವಾಸ ಮಾಡುವವರು, ಅವರ ಪಾಸ್‌ಪೋರ್ಟು ಯಾವ ದೇಶದ್ದೇ ಆಗಿರಲಿ, ತೆರಿಗೆಯ ಕಾನೂನಿಗೆ ಇಲ್ಲಿಯ ನಿವಾಸಿಗಳು. ಕೆಲವು ವರ್ಷ ಕಳೆದ ಮೇಲೆ ಹೊರಗಿನ ಆದಾಯವನ್ನೂ ಇಲ್ಲಿ ತೋರಿಸಬೇಕು. ಇದನ್ನು ನಾನು ಹೇಳಿದಾಗ ಅವರು ತಲೆಯಾಡಿಸಿದರು. “ನಮ್ಮನೆಯವರೂ ಹಂಗೇ ಹೇಳಿದ್ರು. ಬರೀರಿ.”

ಅದೇ ಹೊತ್ತಿಗೆ ಕಚೇರಿಯಲ್ಲಿ ಭಟ್ಕಳದ ಒಬ್ಬ ಸಾಹೇಬರು ಕೂತಿದ್ದರು. ದುಬೈಯಲ್ಲಿ ಬಟ್ಟೆಯ ವ್ಯಾಪಾರ, ನನ್ನ ಹಳೆಯ ಗಿರಾಕಿ. ಮಾತುಗಾರರು, ಆದರೆ ಮರ್ಯಾದೆಯ ಮನುಷ್ಯ. ಅವರಿಗೆ ತಡೆಯಲಾಗಲಿಲ್ಲ.

“ಅಮ್ಮಾ, ನಿಮ್ಮದು ಉಲ್ಟಾ ಆಯ್ತಲ್ಲ. ನಾವು ಇಲ್ಲಿಂದ ಅಲ್ಲಿಗೆ ಹೋಗಿದ್ದೇ ತೆರಿಗೆ ಇಲ್ಲ ಅಂತ. ನೀವು ಅಲ್ಲಿಂದ ಇಲ್ಲಿಗೆ ಬಂದು ಕಟ್ತೀರಿ.”

ಇಂಜಿನಿಯರಮ್ಮ ಕನ್ನಡಕ ತೆಗೆದು ಅವರ ಕಡೆ ತಿರುಗಿದರು. “ಅಲ್ಲಿ ನಿಮಗೆ ವಯಸ್ಸಾದ್ರೆ ಇರೂಕೆ ಬಿಡ್ತ್ರಾ?”

ಸಾಹೇಬರು ಕೈಯಲ್ಲಿದ್ದ ಕಾಗದಗಳನ್ನು ಮೇಜಿನ ಮೇಲಿಟ್ಟರು. “ಇಲ್ಲ. ಕೆಲಸ ಇದ್ರೆ ವೀಸಾ. ಕೆಲಸ ಮುಗೀತು, ಸಾಮಾನು ಕಟ್ಟು. ನಮ್ಮ ವಾಲಿದ್, ನಮ್ಮ ತಂದೆ, ಅವರ ಅರ್ಧ ಆಯುಷ್ಯ ಅಲ್ಲೇ ಹೋಯ್ತು. ಸಾಯೋದಕ್ಕೆ ಭಟ್ಕಳಕ್ಕೇ ಬರಬೇಕಾಯ್ತು.”

“ಅವರು ತೆರಿಗೆ ತಕ್ಕಳೂದಿಲ್ಲ, ನಿಮ್ಮನ್ನ ಇಟ್ಕಳೂದೂ ಇಲ್ಲ. ಆತು, ಅದೂ ಸರಿಯೇ” ಎಂದರು ಅಮ್ಮ. ವ್ಯಂಗ್ಯವೇನೂ ಇರಲಿಲ್ಲ ಆ ಮಾತಿನಲ್ಲಿ. ಆಮೇಲೆ ನನಗೆ ಹೇಳುವ ಹಾಗೆ ಸೇರಿಸಿದರು: “ಊರ ಜನ ತೆರಿಗೆ ಕಟ್ಟಿದ್ದಕ್ಕೆ ಟ್ರಾಮ್ ಇತ್ತು. ಟ್ರಾಮ್ ಇದ್ದದ್ದಕ್ಕೆ ನಂಗೆ ಸಂಬಳ ಇತ್ತು. ಇದ್ರಲ್ಲಿ ದೊಡ್ಡ ವಿಷಯ ಎಂತ ಇಲ್ಲ.” ಅಂದಿನಿಂದ ಸಾಹೇಬರು ಊರಿಗೆ ಬಂದಾಗಲೆಲ್ಲ ನನ್ನಲ್ಲಿ ಮೊದಲು ವಿಚಾರಿಸುತ್ತಿದ್ದದ್ದು, “ಅಮ್ಮ ಬಂದುಹೋದ್ರಾ?” ಎಂದು.

ಅವರನ್ನು ಸಂತಳೆಂದು ಯಾರೂ ತಿಳಿಯುವುದು ಬೇಡ. ಜುಗ್ಗಿ. ನನ್ನ ಫೀಯನ್ನು ಪ್ರತಿ ವರ್ಷವೂ ಮೀನಿನ ದರದ ಹಾಗೆ ಜಗ್ಗಾಡಿ ಇಳಿಸುತ್ತಿದ್ದರು. ಯುವಕ ಸಂಘದವರು ಚಂದಾ ಕೇಳಲು ಬಂದರೆ ಯಾವುದಕ್ಕೆ, ಎಷ್ಟು ಖರ್ಚು, ಉಳಿದದ್ದು ಎಲ್ಲಿ ಎಂದು ಕೇಳಿ ಕೇಳಿ ಅವರನ್ನೇ ಓಡಿಸುತ್ತಿದ್ದರು. ಹೆದ್ದಾರಿಯಲ್ಲಿ ಬಸ್ಸು ಓಡಿಸುವವರ ಬಗ್ಗೆ ಅವರಿಗಿದ್ದ ಸಿಟ್ಟು ಹೇಳತೀರದು. ಚಾಲಕನ ಹಿಂದಿನ ಸೀಟಿನಲ್ಲೇ ಕೂತು, ಕುಮಟೆ ಬರುವ ತನಕ ಅವನಿಗೆ ಪಾಠ ಹೇಳುತ್ತಿದ್ದರು. ಕೆಲವು ಚಾಲಕರು ಅವರು ಕೈ ತೋರಿಸಿದರೆ ಬಸ್ಸು ನಿಲ್ಲಿಸುತ್ತಿರಲಿಲ್ಲ.

ಪಂಚಾಯತಿಯಲ್ಲೂ ಅವರಿಗೆ ಸ್ನೇಹಿತರಿರಲಿಲ್ಲ. ಅವರ ಮನೆಯಿಂದ ಮೀನು ಇಳಿಸುವ ಜಾಗಕ್ಕೆ ಹೋಗುವ ದಾರಿಯಲ್ಲಿ ದೀಪವಿರಲಿಲ್ಲ. ಬೆಳಗಿನ ಜಾವಕ್ಕೇ ಬುಟ್ಟಿ ಹಿಡಿದು ಹೋಗುವ ಹೆಂಗಸರು ಅಲ್ಲಿ ಎಡವಿ ಬೀಳುತ್ತಿದ್ದರು. ಅಮ್ಮ ಅರ್ಜಿ ಕೊಟ್ಟರು. ಅದು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಗ್ರಾಮಸಭೆಗೆ ಹೋಗಿ ಎದ್ದು ನಿಂತು ಕೇಳಿದರು. ಸಭೆಯಲ್ಲಿದ್ದ ಯಾರೋ ಒಬ್ಬ, ಅಧಿಕಾರದವನೂ ಅಲ್ಲ, ಹಿಂದಿನ ಸಾಲಿನಿಂದ ಹೇಳಿದ: “ಇದನ್ನೆಲ್ಲ ನಿಮ್ಮ ದೇಶಕ್ಕೆ ಹೋಗಿ ಹೇಳಿ.” ಕೆಲವರು ನಕ್ಕರು. ಅಮ್ಮ ಕೂತುಬಿಟ್ಟರು.

ಮರುದಿನ ನನ್ನ ಕಚೇರಿಗೆ ಬಂದರು. ಸಿಟ್ಟಿನಲ್ಲಿ ಇರುತ್ತಾರೆಂದುಕೊಂಡರೆ ಹಾಗಿರಲಿಲ್ಲ.

“ವಕೀಲ್ರೆ, ನೀವು ನನ್ನ ರಿಟರ್ನಲ್ಲಿ ನಿವಾಸಿ ಹೇಳಿ ಬರೀತ್ರಿ. ಆ ನಿವಾಸಿಗೆ ಎಂತ ಅರ್ಥ?”

ಇಲ್ಲಿ ಎಷ್ಟು ದಿನ ಉಳಿದಿರಿ ಎನ್ನುವುದಷ್ಟೇ ಅದರ ಅರ್ಥ ಎಂದೆ. ನಾಗರಿಕತ್ವ ಬೇರೆ, ಮತ ಹಾಕುವುದು ಬೇರೆ. ಭಾರತೀಯನ ಹೆಂಡತಿಯಾಗಿ ಇಷ್ಟು ವರ್ಷ ಇದ್ದವರು ನಾಗರಿಕತ್ವಕ್ಕೆ ಅರ್ಜಿ ಹಾಕಬಹುದು, ಆದರೆ ಆ ದೇಶದ ಪಾಸ್‌ಪೋರ್ಟು ಬಿಟ್ಟುಕೊಡಬೇಕು ಎಂದೂ ಹೇಳಿದೆ.

ಅವರು ಕಿಟಕಿಯ ಹೊರಗೆ ನೋಡುತ್ತ ಕೂತರು. ಕೆಳಗೆ ಬಸ್ಸುಗಳು ಹಾರ್ನು ಹಾಕುತ್ತಿದ್ದವು. “ನನ್ನ ಅಪ್ಪ-ಅಮ್ಮನ್ನ ಹುಗದದ್ದು ಅಲ್ಲಿ. ಅಲ್ಲಿಗೆ ಹೋಗೂಕೆ ನಾನು ವೀಸಾ ಕೇಳೂದಾ? ಅದು ನನ್ನಿಂದ ಆಗೂದಲ್ಲ.” ನನ್ನ ಕಡೆ ತಿರುಗಿ, “ಇಲ್ಲಿ ಬಿಟ್ಟು ಹೋಗೂದೂ ಆಗೂದಲ್ಲ” ಎಂದರು. ಆ ವಿಷಯವನ್ನು ಮತ್ತೆ ಎಂದೂ ಎತ್ತಲಿಲ್ಲ.

ಮುಂದಿನ ಗ್ರಾಮಸಭೆಯಲ್ಲಿ ನಡೆದದ್ದನ್ನು ನನಗೆ ಹೇಳಿದವರು ಅಲ್ಲಿಯ ಒಬ್ಬ ಸದಸ್ಯರು. ಅಮ್ಮ ಬಾಯಿ ಮುಚ್ಚಿಕೊಂಡು ಕೂತಿದ್ದರಂತೆ. ಮಾದೇವಿ ಎದ್ದು, ಸೆರಗು ಸಿಕ್ಕಿಸಿಕೊಂಡು, ಹೋದ ಸಭೆಯಲ್ಲಿ ಅಮ್ಮ ಹೇಳಿದ್ದನ್ನೇ ಮಾತು ಮಾತಿಗೆ ಹೇಳಿ ಮುಗಿಸಿದಳಂತೆ. ಆಮೇಲೆ, “ಇದು ಅವರು ಹೇಳಿದ್ದು. ಈಗ ನಾ ಹೇಳಿದೆ. ನಂಗೆ ಓಟು ಅದೆ. ಬರ್ಕಳಿ” ಎಂದಳು. ಯಾರೂ ನಗಲಿಲ್ಲ. ಮಳೆಗಾಲ ಹಿಡಿಯುವುದರೊಳಗೆ ಕಂಬ ನೆಟ್ಟು ದೀಪ ಹಾಕಿದರು.

ಆ ದೀಪವಿದ್ದ ದಾರಿಯಲ್ಲೇ, ಎರಡು ಮಳೆಗಾಲ ಕಳೆದ ಮೇಲೆ, ಹಾಡುಹಗಲಿನಲ್ಲಿ ಅಮ್ಮ ಜಾರಿ ಬಿದ್ದರು. ಜೂನ್ ತಿಂಗಳು, ಪಾಚಿ ಕಟ್ಟಿದ ಕಲ್ಲು. ಸೊಂಟದ ಮೂಳೆ ಮುರಿಯಿತು. ಮಗ ವಿಮಾನ ಹಿಡಿದು ಬಂದ, ಇಲ್ಲಿ ಮೊದಲ ಚಿಕಿತ್ಸೆ ಮಾಡಿಸಿ, ಜುಲೈಯಲ್ಲಿ ಅವರನ್ನು ತನ್ನ ದೇಶಕ್ಕೆ ಕರೆದುಕೊಂಡು ಹೋದ. ತನ್ನ ಮನೆಯ ವಿಳಾಸದಲ್ಲಿ ಅವರನ್ನು ಅಲ್ಲಿಯ ನಿವಾಸಿ ಎಂದು ನೋಂದಾಯಿಸಿದ. ಹಾಗೆ ಮಾಡಿದರೆ ಅಲ್ಲಿ ಚಿಕಿತ್ಸೆಯೆಲ್ಲ ಸರಕಾರದ್ದು. ಶಸ್ತ್ರಕ್ರಿಯೆ ಚೆನ್ನಾಗಿಯೇ ಆಯಿತು. ವೃದ್ಧರನ್ನು ನೋಡಿಕೊಳ್ಳುವ ಒಂದು ಒಳ್ಳೆಯ ಮನೆಯಲ್ಲಿ ಜಾಗವೂ ಸಿಕ್ಕಿತು. ತೋಟ, ಗ್ರಂಥಾಲಯ, ಗಂಟೆಗೊಮ್ಮೆ ವಿಚಾರಿಸುವ ದಾದಿಯರು. ಮಗ ಕೆಟ್ಟವನಲ್ಲ. ತಾಯಿಯ ಹಿತವನ್ನೇ ಬಯಸಿದ್ದ.

ಡಿಸೆಂಬರಿನಲ್ಲಿ ಅವರ ಫೋನು ಬಂತು. ಕ್ಷೇಮ ಸಮಾಚಾರ ಒಂದೆರಡು ಮಾತಿನಲ್ಲಿ ಮುಗಿಯಿತು. ಇಲ್ಲಿ ಮಧ್ಯಾಹ್ನಕ್ಕೇ ಕತ್ತಲೆ, ಮೀನಿಗೆ ಮುಳ್ಳೂ ಇಲ್ಲ ರುಚಿಯೂ ಇಲ್ಲ ಎಂದು ದೂರಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು:

“ವಕೀಲ್ರೆ, ಅರ್ಧ ವರ್ಷ ಕಳೀತು. ಈ ವರ್ಷದ ರಿಟರ್ನಲ್ಲಿ ನನ್ನ ಎಂತ ಹೇಳಿ ಬರೀತ್ರಿ?”

ಅನಿವಾಸಿ ಎಂದು ಬರೆಯಬೇಕಾಗಬಹುದು ಎಂದೆ.

“ಹಂಗೆ ಬರೀಬೇಡಿ” ಎಂದರು.

ನಾವು ಬರೆಯುವುದು ನಮ್ಮ ಇಷ್ಟದ ಹಾಗಲ್ಲ, ಕಾನೂನಿನ ಹಾಗೆ, ನೋಡಿ ಹೇಳುತ್ತೇನೆ ಎಂದೆ. ಫೋನಿಟ್ಟ ಮೇಲೆ ಕಾನೂನು ಪುಸ್ತಕ ತೆಗೆದು ಕೂತೆ. ನನಗೆ ದಿನವೂ ಬೇಕಾಗುವುದು ಗಲ್ಫಿನವರ ನಿಯಮ. ಹೊರಗೆ ನೆಲೆಸಿ ಊರಿಗೆ ಬಂದುಹೋಗುವ ಭಾರತೀಯರಿಗೆ, ಭಾರತೀಯ ಮೂಲದವರಿಗೆ, ಕಾನೂನು ಒಂದು ರಿಯಾಯಿತಿ ಕೊಟ್ಟಿದೆ. ಅವರು ಕೆಲವು ತಿಂಗಳು ಊರಿನಲ್ಲಿ ಉಳಿದರೂ ಅನಿವಾಸಿಗಳಾಗಿಯೇ ಇರಬಹುದು. ಆ ರಿಯಾಯಿತಿ ಇಲ್ಲದ ಉಳಿದವರಿಗೆ ನಿಯಮ ಬಿಗಿ. ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು ಒಂದು ವರ್ಷ ಇಲ್ಲಿದ್ದವರು, ಈ ವರ್ಷ ಬರೀ ಎರಡು ತಿಂಗಳು ಇದ್ದರೂ ನಿವಾಸಿಗಳೇ. ಅಮ್ಮ ಏಪ್ರಿಲಿನಿಂದ ಜುಲೈಯ ತನಕ ಇಲ್ಲಿದ್ದರು. ಅವರ ಅಪ್ಪ, ಅಜ್ಜ ಯಾರೂ ಈ ನೆಲದಲ್ಲಿ ಹುಟ್ಟಿದವರಲ್ಲ. ಹಾಗಾಗಿ ರಿಯಾಯಿತಿ ಅವರಿಗೆ ಅನ್ವಯಿಸುವುದಿಲ್ಲ.

ಸಂಜೆ ನಾನೇ ಫೋನು ಮಾಡಿದೆ. “ಅಮ್ಮಾ, ನೀವು ನಿವಾಸಿಯೇ. ನೀವು ಇಲ್ಲಿ ಹುಟ್ಟಿದವರಾಗಿದ್ದರೆ ಹೊರಗಿನವರಾಗಬಹುದಿತ್ತು. ಪರದೇಶದವರಾದ್ದರಿಂದ ನಿಮ್ಮನ್ನು ಕಾನೂನು ಸುಲಭಕ್ಕೆ ಬಿಡುವುದಿಲ್ಲ.”

ಅವರು ಇನ್ನೊಮ್ಮೆ ಹೇಳಿಸಿದರು. ಅರ್ಥವಾದ ಮೇಲೆ ನಗಲು ಶುರುಮಾಡಿದರು. ಆ ನಗು ನಿಲ್ಲಲಿಲ್ಲ. ಯಾರೋ ದಾದಿ ಬಂದು ಏನಾಯಿತೆಂದು ಕೇಳಿದ್ದೂ, ಇವರು ಅವಳಿಗೂ ಕನ್ನಡದಲ್ಲೇ “ಎಂತ ಇಲ್ಲ, ಎಂತ ಇಲ್ಲ” ಎಂದದ್ದೂ ಫೋನಿನಲ್ಲಿ ಕೇಳಿಸಿತು.

ನನ್ನ ಮಾತು ಅಲ್ಲಿಗೆ ಮುಗಿದಿರಲಿಲ್ಲ. ಎರಡು ದೇಶಗಳೂ ಈಕೆ ನಮ್ಮವಳು ಎಂದು ಹೇಳಿದಾಗ, ಎರಡರ ನಡುವಿನ ಒಪ್ಪಂದದ ಪ್ರಕಾರ ಕಾಯಂ ಮನೆ ಎಲ್ಲಿದೆ ಎಂದು ನೋಡುತ್ತಾರೆ. ಅದನ್ನೂ ವಿವರಿಸಿದೆ. “ಇಲ್ಲಿ ನಂಗೆ ಇರೂದು ಒಂದು ಕೋಣೆ. ಅದೂ ಬೇರೆಯವರದ್ದು” ಎಂದರು. ಅವರು ಮರಳುವ ಮನಸ್ಸು ಮಾಡಿದ್ದು ನನ್ನ ಮಾತಿನಿಂದಲೇ ಎಂದು ನಾನು ಹೇಳಲಾರೆ. ಹೊರಡುವ ಯೋಚನೆ ಅವರಿಗೆ ಮೊದಲೇ ಇದ್ದಿರಬೇಕು. ತೆರಿಗೆಯ ಪ್ರಶ್ನೆಯ ನೆವದಲ್ಲಿ ಅದನ್ನು ಬೇರೆಯವರ ಬಾಯಿಂದ ಕೇಳಬೇಕಿತ್ತೇನೋ.

ಏಪ್ರಿಲಿನಲ್ಲಿ ಮರಳಿ ಬಂದರು. ಮಗ ಬೇಡವೆಂದಿದ್ದ, ಜಗಳವಾಗಿತ್ತು. ಆ ಮನೆಯ ಜಾಗ, ಅಲ್ಲಿಯ ಚಿಕಿತ್ಸೆ ಎಲ್ಲವೂ ಕೈಬಿಟ್ಟುಹೋಗುತ್ತವೆ ಎಂದು ಎಚ್ಚರಿಸಿದ್ದ. ಅದು ನಿಜವೂ ಆಗಿತ್ತು. ಮಾದೇವಿಯ ತಮ್ಮ ಮಂಗಳೂರಿಗೆ ವ್ಯಾನು ಒಯ್ದು ಅವರನ್ನು ಕರೆತಂದ. ಜುಲೈಯಲ್ಲಿ, ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈ ಮಾದೇವಿಯ ಹೆಗಲ ಮೇಲೆ, ನನ್ನ ಮೆಟ್ಟಿಲು ಹತ್ತಿ ಬಂದರು. ನಾನು ಕೆಳಗೇ ಬರುತ್ತಿದ್ದೆನಲ್ಲ ಎಂದೆ. “ಫೀ ಕೊಡೂದು ನಾನಲ್ದಾ? ನಾನೇ ಬರಬೇಕು” ಎಂದು ಕೂತು ಉಸಿರು ಬಿಟ್ಟರು.

ಅದರ ನಂತರ ಎರಡು ರಿಟರ್ನು ತುಂಬಿದೆವು. ಈ ವರ್ಷ ಜನವರಿಯಲ್ಲಿ ಪಾರ್ಶ್ವವಾಯು ಬಡಿಯಿತು. ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಕೆಲವು ವಾರ ಇದ್ದರು. ಮಾದೇವಿ ಮೀನು ಮಾರುವುದನ್ನು ಬಿಟ್ಟು ಅವರ ಪಕ್ಕದಲ್ಲೇ ಇದ್ದಳು. ನಾನು ನೋಡಲು ಹೋದಾಗ ಒಂದು ಕಡೆಯ ಬಾಯಿ ಸೊಟ್ಟಗಾಗಿತ್ತು, ಆದರೆ ಮಾತು ತಿಳಿಯುತ್ತಿತ್ತು. ಮಗ ಬರುವಷ್ಟರಲ್ಲಿ ತೀರಿಕೊಂಡಿದ್ದರು. ಗಂಡನಿಗೆ ಮಾಡಿದ ಹಾಗೆಯೇ ಇವರಿಗೂ ಕಡಲ ದಂಡೆಯಲ್ಲಿ ಸಂಸ್ಕಾರ ಮಾಡಿದರು. ಕೇರಿಯವರೆಲ್ಲ ಬಂದಿದ್ದರು. ಚಂದಾ ಕೇಳಲು ಹೋಗಿ ಓಡಿಬಂದವರೇ ಕಟ್ಟಿಗೆ ಹೊತ್ತರು.

ತೀರಿಕೊಂಡವರ ಆ ವರ್ಷದ ಆದಾಯಕ್ಕೂ ರಿಟರ್ನು ತುಂಬಬೇಕು. ಅದನ್ನು ವಾರಸುದಾರರು ತುಂಬಬೇಕು. ಮೊನ್ನೆ ಜುಲೈಯಲ್ಲಿ ಮಗ ಅದಕ್ಕೆಂದೇ ಬಂದ. ತಂದೆಯ ಮೂಗು, ತಾಯಿಯ ಎತ್ತರ. ನಡುವಯಸ್ಸು. ಕನ್ನಡ ಬರುವುದಿಲ್ಲ, ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಕಾಗದ ಪತ್ರಗಳನ್ನು ಅಚ್ಚುಕಟ್ಟಾಗಿ ತಂದಿದ್ದ. ಕೆಲಸ ಬೇಗ ಮುಗಿಯಿತು.

ಎದ್ದು ಹೊರಡುವವನು ಮತ್ತೆ ಕೂತ. “ಅಲ್ಲಿದ್ದಿದ್ದರೆ ಅವಳು ಇನ್ನೂ ಬದುಕಿರುತ್ತಿದ್ದಳು” ಎಂದ. ನನ್ನನ್ನು ದೂರುವ ಹಾಗೆ ಇರಲಿಲ್ಲ, ಯಾರಿಗಾದರೂ ಹೇಳಬೇಕಿತ್ತು. ಇರಬಹುದು ಎಂದೆ. ಅದು ಸುಳ್ಳಲ್ಲ.

ಆಮೇಲೆ ಅವನು ಫೋನು ತೆಗೆದು ಮೇಜಿನ ಮೇಲಿಟ್ಟ. ಕೊನೆಯ ವಾರ ತಾಯಿ ಒಂದು ಧ್ವನಿ ಸಂದೇಶ ಕಳಿಸಿದ್ದಳಂತೆ. ಗುಂಡಿ ಒತ್ತಿ ಹಿಡಿದವಳು ಮಾದೇವಿ ಇರಬೇಕು. ಅವನು ಹುಟ್ಟಿದಂದಿನಿಂದ ತಾಯಿ ಅವನೊಡನೆ ಆಡಿದ್ದು ತನ್ನ ದೇಶದ ಭಾಷೆಯನ್ನು ಮಾತ್ರ. ಇದೊಂದು ಮಾತ್ರ ಬೇರೆ. “ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ಏನೋ ಮುಖ್ಯವಾದದ್ದು ಹೇಳಿದ್ದಾಳೆ ಅನ್ನಿಸುತ್ತದೆ. ಫೆಬ್ರವರಿಯಲ್ಲಿ ಇಲ್ಲಿಗೆ ಬಂದಾಗ ಅದನ್ನು ಹಾಕಿ ಕೇಳುವ ಧೈರ್ಯ ಬರಲಿಲ್ಲ. ಅಲ್ಲಿಗೆ ಹೋದ ಮೇಲೆ ಕೇಳುವುದಕ್ಕೆ ಯಾರೂ ಇರಲಿಲ್ಲ” ಎಂದ. ವಯಸ್ಸಾದವರು ಕೊನೆಗೆ ತಾಯಿನುಡಿಗೇ ಮರಳುತ್ತಾರೆ ಎಂದು ನಾನು ಕೇಳಿದ್ದೆ.

ಗುಂಡಿ ಒತ್ತಿದ. ಮೊದಲು ಕಾಗೆಯ ಕೂಗು, ಪಾತ್ರೆಯ ಸದ್ದು. ಆಮೇಲೆ ಅವರ ದನಿ, ಸ್ವಲ್ಪ ತೊದಲು, ಆದರೆ ಸ್ಪಷ್ಟ.

“ಮಗಾ, ಊಟ ಆತಾ? ಬಿಸಲಲ್ಲಿ ತಿರಗೂಕೆ ಹೋಗಬೇಡ. ಕೊಡೆ ತಕ್ಕೊ. ಊಟ ಮಾಡದೆ ಇರಬೇಡ. ಆತು, ಇಡ್ತೆ.”

ನಾನು ಅದನ್ನು ಅವನಿಗೆ ಇಂಗ್ಲಿಷಿನಲ್ಲಿ ಹೇಳಿದೆ.

“ಅಷ್ಟೇನಾ?” ಎಂದ.

“ಅಷ್ಟೇ. ಇಲ್ಲಿಯ ತಾಯಂದಿರು ಮಕ್ಕಳಿಗೆ ಫೋನು ಮಾಡಿದರೆ ಹೇಳುವುದು ಇದನ್ನೇ.”

ಅವನು ಫೋನನ್ನು ಕೈಗೆತ್ತಿಕೊಂಡ. ಇನ್ನೊಮ್ಮೆ ಹಾಕಿ ಕೇಳಿದ. ಹೊರಗೆ ಮಳೆ ಹೊಯ್ಯುತ್ತಿತ್ತು, ಮಧ್ಯಾಹ್ನ ಮೀರಿತ್ತು.

“ಇಲ್ಲ” ಎಂದ ಆಮೇಲೆ, ನನ್ನ ಕಡೆ ನೋಡದೆ. “ಇನ್ನೂ ಊಟ ಆಗಿಲ್ಲ.”

ಕಚೇರಿಗೆ ಬೀಗ ಹಾಕಿ, ಅವನನ್ನು ಕರೆದುಕೊಂಡು ಪೇಟೆಯ ಮೀನೂಟದ ಹೋಟೆಲಿಗೆ ಹೋದೆ.